ವಿಶ್ವವಿದ್ಯಾಲಯದ ಸ್ಥಾಪನಾ ಮಹೋತ್ಸವ: ಬೇಸಿಗೆಯ ಉತ್ಸವಕ್ಕೆ ಸಿದ್ಧತೆ ಮಾಡಿಕೊಳ್ಳುವ ಬಗೆ

ವಿಶ್ವವಿದ್ಯಾಲಯವೊಂದಕ್ಕೆ 25, 50 ಅಥವಾ 100 ವರ್ಷ ತುಂಬುವ ಸಂದರ್ಭದಲ್ಲಿ ಉತ್ಸವ ಸಮಿತಿಯ ಮುಂದೆ ಮೊದಲು ಬರುವ ಪ್ರಶ್ನೆ, ಯಾವ ದಿನದಿಂದ ಲೆಕ್ಕ ಹಾಕಬೇಕು ಎಂಬುದು. ಸ್ಥಾಪನೆಯ ಶಾಸನ ಜಾರಿಗೆ ಬಂದ ದಿನ, ಮೊದಲ ತರಗತಿ ನಡೆದ ದಿನ ಮತ್ತು ಮೊದಲ ಘಟಿಕೋತ್ಸವದ ದಿನ ಬೇರೆ ಬೇರೆ ವರ್ಷಗಳಿಗೆ ಸೇರಿರುವುದುಂಟು. ಇಟಲಿಯ ಬೊಲೊನ್ಯಾ ವಿಶ್ವವಿದ್ಯಾಲಯ 1088ರಲ್ಲಿ ಆರಂಭವಾಯಿತೆಂಬುದನ್ನು 19ನೇ ಶತಮಾನದಲ್ಲಿ ಸಮಿತಿಯೊಂದು ನಿಗದಿಪಡಿಸಿತು. 1888ರಲ್ಲಿ ನಡೆದ ಎಂಟುನೂರನೆಯ ವರ್ಷದ ಸಂಭ್ರಮಕ್ಕೆ ಆ ತೀರ್ಮಾನವೇ ಆಧಾರ. ನಿಮ್ಮ ಸಮಿತಿಯೂ ತನ್ನ ಆಯ್ಕೆಯ ಕಾರಣವನ್ನು ನಡಾವಳಿಯಲ್ಲಿ ಬರೆದಿಡಬೇಕು. ವಜ್ರ ಮಹೋತ್ಸವವನ್ನು 60ಕ್ಕೂ 75ಕ್ಕೂ ಆಚರಿಸುವ ರೂಢಿಯಿರುವುದರಿಂದ, ಆಮಂತ್ರಣ ಪತ್ರಿಕೆಯಲ್ಲಿ ವರ್ಷವನ್ನು ಅಂಕಿಯಲ್ಲಿಯೇ ಮುದ್ರಿಸಿ.

ಬೇಸಿಗೆಯಲ್ಲಿ ಹಾಸ್ಟೆಲ್ ಕೊಠಡಿಗಳು ತೆರವಾಗುವುದರಿಂದ ದೂರದಿಂದ ಬರುವ ಹಳೆಯ ವಿದ್ಯಾರ್ಥಿಗಳನ್ನು ಉಳಿಸಿಕೊಳ್ಳುವುದು ಸುಲಭ. ಆದರೆ ಅದೇ ಹೊತ್ತಿಗೆ ಈಗ ಓದುತ್ತಿರುವವರು ಊರಿಗೆ ಹೊರಟುಬಿಟ್ಟಿರುತ್ತಾರೆ. ಪರೀಕ್ಷೆ ಮುಗಿದ ಮೊದಲ ವಾರಾಂತ್ಯವನ್ನು ಒಂದು ವರ್ಷ ಮುಂಚಿತವಾಗಿಯೇ ಗೊತ್ತುಪಡಿಸಿ ತಿಳಿಸಿದರೆ ಈ ತೊಡಕು ಬಹುಮಟ್ಟಿಗೆ ನೀಗುತ್ತದೆ. ಸಮಿತಿಯಲ್ಲಿ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳ ಜೊತೆಗೆ ಪ್ರಯೋಗಾಲಯದ ಸಹಾಯಕರು, ಗ್ರಂಥಾಲಯದ ಸಿಬ್ಬಂದಿ, ತೋಟದ ಕೆಲಸಗಾರರು ಇರಲೇಬೇಕು. ಮೂವತ್ತು ವರ್ಷ ಬಾಗಿಲು ತೆರೆದು ದೀಪ ಹಚ್ಚಿದವರನ್ನು ಹೊರಗಿಟ್ಟು ಮಾಡುವ ಆಚರಣೆ ಸಮುದಾಯದ ಹಬ್ಬವೆನಿಸಿಕೊಳ್ಳುವುದಿಲ್ಲ.

ನನ್ನ ಅಭಿಪ್ರಾಯದಲ್ಲಿ ಇಂಥ ಉತ್ಸವದ ಜೀವಾಳ ವೇದಿಕೆಗಿಂತ ಹೆಚ್ಚಾಗಿ ಹಳೆಯ ಛಾಯಾಚಿತ್ರಗಳ ಗೋಡೆಯಲ್ಲಿದೆ. ವಿಭಾಗಗಳ ಕಪಾಟುಗಳಲ್ಲಿಯೂ ನಿವೃತ್ತರ ಮನೆಗಳಲ್ಲಿಯೂ ಇರುವ ಚಿತ್ರಗಳನ್ನು ರಸೀದಿ ಕೊಟ್ಟು ಪಡೆದು, 600 ಡಿಪಿಐನಲ್ಲಿ (ಅಂದರೆ ಪ್ರತಿ ಅಂಗುಲಕ್ಕೆ 600 ಚುಕ್ಕೆಗಳ ಸ್ಪಷ್ಟತೆಯಲ್ಲಿ) ಸ್ಕ್ಯಾನ್ ಮಾಡಿಸಿ, ಮೂಲಪ್ರತಿಯನ್ನು ಕೂಡಲೇ ಹಿಂದಿರುಗಿಸಿ. ಬಿಸಿಲಿಗೆ ಚಿತ್ರದ ಬಣ್ಣ ಮಾಸುವುದರಿಂದ ಪ್ರದರ್ಶನಕ್ಕೆ ಪ್ರತಿಗಳನ್ನಷ್ಟೇ ಬಳಸಬೇಕು. ತರಗತಿಯ ಗುಂಪುಚಿತ್ರವನ್ನು ಮೇಜಿನಷ್ಟು ದೊಡ್ಡದಾಗಿ ಮುದ್ರಿಸಿ, ಪ್ರತಿ ಮುಖದ ಪಕ್ಕದಲ್ಲಿ ಒಂದು ಸಂಖ್ಯೆ ಹಾಕಿ, ಕೆಳಗೆ ದಾರಕ್ಕೆ ಕಟ್ಟಿದ ಪೆನ್ಸಿಲ್ ಮತ್ತು ಖಾಲಿ ಪಟ್ಟಿಯೊಂದನ್ನು ಇಡಿ. ಕನ್ನಡಕ ಸರಿಪಡಿಸಿಕೊಳ್ಳುತ್ತ ಬಗ್ಗಿದ ಹಿರಿಯರೊಬ್ಬರು ಹದಿನೇಳನೆಯ ಸಂಖ್ಯೆಯ ಮೇಲೆ ಬೆರಳಿಟ್ಟು ಹೆಸರು ಹೇಳುವಾಗ, ಪಕ್ಕದಲ್ಲಿ ನಿಂತ ವಿದ್ಯಾರ್ಥಿ ಅದನ್ನು ಬರೆದುಕೊಳ್ಳುತ್ತಾನೆ. ಎರಡು ತಲೆಮಾರುಗಳ ಪರಿಚಯಕ್ಕೆ ಇದಕ್ಕಿಂತ ಸಹಜವಾದ ದಾರಿಯನ್ನು ನಾನು ಕಾಣೆ. ಹತ್ತಿರದಲ್ಲೇ ನಿಶ್ಶಬ್ದವಾದ ಕೊಠಡಿಯೊಂದರಲ್ಲಿ ಧ್ವನಿಮುದ್ರಣದ ವ್ಯವಸ್ಥೆ ಇರಲಿ. ಮಾತನಾಡುವವರಿಂದ ಲಿಖಿತ ಒಪ್ಪಿಗೆ ಪಡೆಯುವುದನ್ನು ಮರೆಯಬಾರದು.

ಬಿಸಿಲಿನ ವಿಷಯದಲ್ಲಿ ಉದಾಸೀನ ಸಲ್ಲದು. ಮೈದಾನದ ಕಾರ್ಯಕ್ರಮಗಳನ್ನು ಬೆಳಗ್ಗೆ ಹತ್ತರೊಳಗೆ ಮುಗಿಸಿ, ಸಂಜೆ ಐದರ ನಂತರ ಮತ್ತೆ ಆರಂಭಿಸಿ. ನಡುವಿನ ಅವಧಿಯನ್ನು ವಿಚಾರಗೋಷ್ಠಿ, ಪ್ರಯೋಗಾಲಯ ವೀಕ್ಷಣೆ ಮತ್ತು ವಿಶ್ರಾಂತಿಗೆ ಮೀಸಲಿಡಿ. ವೇದಿಕೆಯನ್ನು ಉತ್ತರ ಅಥವಾ ದಕ್ಷಿಣದ ಅಂಚಿನಲ್ಲಿ ಕಟ್ಟಿದರೆ ಸಂಜೆಯ ಬಿಸಿಲು ಪ್ರೇಕ್ಷಕರಿಗಾಗಲಿ ಕಲಾವಿದರಿಗಾಗಲಿ ನೇರವಾಗಿ ಕಣ್ಣಿಗೆ ಹೊಡೆಯುವುದಿಲ್ಲ. ಬರಿಗಾಲಿನಲ್ಲಿ ನೃತ್ಯ ಮಾಡುವವರಿದ್ದರೆ ನೆಲಹಾಸನ್ನು ಮೊದಲು ಅಂಗೈಯಿಂದ ಮುಟ್ಟಿ ನೋಡಿ. ಬಿಸಿಲಲ್ಲಿ ದುಡಿಯುವ ಸ್ವಯಂಸೇವಕರಿಗೆ ಪ್ರತಿ 15ರಿಂದ 20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಸಿಗಬೇಕು. ಬಾಯಾರಿದಾಗ ಕುಡಿಯೋಣವೆಂದು ಕಾಯುವುದು ತಪ್ಪು. ಯಾರಾದರೂ ತಡವರಿಸಿ ಮಾತನಾಡತೊಡಗಿದರೆ, ಗೊಂದಲಗೊಂಡರೆ ಅಥವಾ ಪ್ರಜ್ಞೆ ತಪ್ಪಿದರೆ ಅದನ್ನು ಉಷ್ಣಾಘಾತವೆಂದೇ ಭಾವಿಸಿ, ಆಂಬ್ಯುಲೆನ್ಸ್ ಕರೆಸಿ, ಅದು ಬರುವವರೆಗೆ ನೆರಳಿನಲ್ಲಿ ಮಲಗಿಸಿ ಮೈಮೇಲೆ ತಣ್ಣೀರು ಹಾಕುತ್ತ ಗಾಳಿ ಬೀಸುತ್ತಿರಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು.

ಭಾಷಣಗಳು ಮೂರಕ್ಕಿಂತ ಹೆಚ್ಚು ಬೇಡ. ಉಳಿಯುವ ಸಮಯವನ್ನು ಮರದಡಿಯ ಕುರ್ಚಿಗಳಿಗೆ ಬಿಟ್ಟುಕೊಡಿ. ಆ ಕುರ್ಚಿಗಳನ್ನು ಸಾಲಾಗಿ ಜೋಡಿಸದೆ ಆರೇಳು ಜನ ಎದುರುಬದುರು ಕೂರುವಂತೆ ಹಾಕಿಸಿದರೆ ಮಾತು ತಾನಾಗಿಯೇ ಬೆಳೆಯುತ್ತದೆ.

ಉತ್ಸವ ಮುಗಿದ ಒಂದು ತಿಂಗಳೊಳಗೆ ಗುಂಪುಚಿತ್ರಗಳ ಪಟ್ಟಿಗಳನ್ನು ಬೆರಳಚ್ಚು ಮಾಡಿಸಿ, ಸ್ಕ್ಯಾನ್ ಕಡತಗಳು ಮತ್ತು ಧ್ವನಿಮುದ್ರಣಗಳೊಂದಿಗೆ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಒಪ್ಪಿಸಿ. ಯಾರೂ ಗುರುತಿಸದ ಮುಖಗಳ ಸಂಖ್ಯೆಗಳನ್ನು ಪಟ್ಟಿಯಲ್ಲಿ ಖಾಲಿಯಾಗಿಯೇ ಉಳಿಸಿ.