ಆರೋಗ್ಯ ಕೋರ್ಸ್ ಓದುವವರಿಗೆ ಇಂಟರ್ನ್‌ಶಿಪ್: ಅರ್ಜಿಯಿಂದ ಲಾಗ್‌ಬುಕ್‌ವರೆಗೆ

ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಲ್ಯಾಬ್ ಟೆಕ್ನಾಲಜಿ ಓದುವವರಿಗೆ ತರಬೇತಿ ಎರಡು ಬಗೆಯದು. ಒಂದನ್ನು ಮಾಡದಿದ್ದರೆ ಪದವಿಯಾಗಲಿ ಕೌನ್ಸಿಲ್ ನೋಂದಣಿಯಾಗಲಿ ಸಿಗುವುದಿಲ್ಲ. ಇನ್ನೊಂದನ್ನು ನೀವೇ ಹುಡುಕಿಕೊಂಡು ಹೋಗಬೇಕು. ಎರಡರಲ್ಲೂ ವಿದ್ಯಾರ್ಥಿಗಳು ಸೋಲುವುದು ಓದಿನಲ್ಲಿ ಅಲ್ಲ, ಕಾಗದಪತ್ರದಲ್ಲಿ. ಗೈಡ್ ಸಹಿ ತಡವಾಯಿತು, ಸಂಶೋಧನೆಗೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಯ ಸಭೆ ಮುಂದಕ್ಕೆ ಹೋಯಿತು, ದಿನದ ಕೆಲಸ ಬರೆದಿಡುವ ಲಾಗ್‌ಬುಕ್‌ನಲ್ಲಿ ಎರಡು ವಾರ ಖಾಲಿ ಉಳಿಯಿತು ಎಂಬಂಥ ಸಣ್ಣ ಕಾರಣಗಳೇ ಜಾಸ್ತಿ. ಹಾಗಾಗಿ ಕ್ಯಾಲೆಂಡರ್ ಎದುರಿಗಿಟ್ಟುಕೊಂಡು ಶುರು ಮಾಡಿ.

ಕಡ್ಡಾಯದ ಲೆಕ್ಕ

ಎಂಬಿಬಿಎಸ್‌ನವರಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮದಂತೆ 12 ತಿಂಗಳ ಸರದಿ ಇಂಟರ್ನ್‌ಶಿಪ್. ಕೊನೆಯ ವರ್ಷ ಪಾಸಾದ ಎರಡು ವರ್ಷದೊಳಗೆ ಅದು ಮುಗಿಯಬೇಕು. ಸಮುದಾಯ ವೈದ್ಯಶಾಸ್ತ್ರ ಒಂದಕ್ಕೇ 12 ವಾರ ಮೀಸಲು. ವಾರ್ಡಿಗೆ ಇಳಿಯುವ ಮೊದಲು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ತಾತ್ಕಾಲಿಕ ನೋಂದಣಿ ಆಗಿರಬೇಕು. ಫಲಿತಾಂಶ ಬಂದ ವಾರವೇ ಈ ಅರ್ಜಿ ಹಾಕಿ, ಏಕೆಂದರೆ ನಿಮ್ಮ ಬ್ಯಾಚಿನವರೆಲ್ಲ ಅದೇ ಹೊತ್ತಿಗೆ ಅದೇ ಕಿಟಕಿಯ ಮುಂದೆ ನಿಲ್ಲುತ್ತಾರೆ. ಬಿಡಿಎಸ್, ಬಿಎಎಂಎಸ್, ಬಿಎಚ್‌ಎಂಎಸ್‌ಗೂ ಒಂದು ವರ್ಷ.

ಬಿಎಸ್ಸಿ ನರ್ಸಿಂಗ್‌ನ ಸೆಮಿಸ್ಟರ್ ಪಠ್ಯಕ್ರಮದಲ್ಲಿ ಎಂಟನೇ ಸೆಮಿಸ್ಟರ್ ಇಂಟರ್ನ್‌ಶಿಪ್‌ನದ್ದು: ವಾರಕ್ಕೆ 48 ಗಂಟೆಯಂತೆ 22 ವಾರ, ಒಟ್ಟು 1056 ಗಂಟೆ. ಬಿ.ಫಾರ್ಮಾದವರು ಆರನೇ ಸೆಮಿಸ್ಟರ್ ಮುಗಿದು ಏಳನೆಯದು ಶುರುವಾಗುವ ನಡುವೆ ನಾಲ್ಕು ವಾರದಲ್ಲಿ 150 ಗಂಟೆ ಉದ್ಯಮದಲ್ಲೋ ಆಸ್ಪತ್ರೆಯಲ್ಲೋ ಕಳೆಯಬೇಕು. ಫಾರ್ಮ್.ಡಿಯ ಆರನೇ ವರ್ಷ ಪೂರ್ತಿ ಆಸ್ಪತ್ರೆಯಲ್ಲೇ. ಆರು ತಿಂಗಳು ಜನರಲ್ ಮೆಡಿಸಿನ್, ಉಳಿದದ್ದು ಮೂರು ವಿಭಾಗಗಳಲ್ಲಿ ತಲಾ ಎರಡು ತಿಂಗಳು.

ಡಿ.ಫಾರ್ಮಾದ 500 ಗಂಟೆಯ ತರಬೇತಿಯಲ್ಲಿ ಗೊಂದಲ ಹೆಚ್ಚು. ಅದನ್ನು ಮೂರು ತಿಂಗಳಿಗಿಂತ ಕಡಿಮೆ ಅವಧಿಯಲ್ಲಿ ಮುಗಿಸುವಂತಿಲ್ಲ. ತಿಂಗಳಿಗೆ 26 ಕೆಲಸದ ದಿನ ಎಂದರೆ ಮೂರು ತಿಂಗಳಿಗೆ 78 ದಿನ, ಅಂದರೆ ದಿನಕ್ಕೆ ಸುಮಾರು ಆರೂವರೆ ಗಂಟೆ. ಸಂಜೆ ಎರಡು ಗಂಟೆ ಮೆಡಿಕಲ್ ಶಾಪಿನಲ್ಲಿ ನಿಂತು ಬಂದರೆ ಈ ಲೆಕ್ಕ ಕೂಡುವುದಿಲ್ಲ. 500ರಲ್ಲಿ 250 ಗಂಟೆ ವೈದ್ಯರ ಚೀಟಿ ನೋಡಿ ಔಷಧಿ ಕೊಡುವ ಕೆಲಸಕ್ಕೇ ಹೋಗಬೇಕು. ಸ್ಟಾಕ್ ಎಣಿಸಿದ್ದು, ಬಿಲ್ ಬರೆದದ್ದು ಅದಕ್ಕೆ ಸೇರದು. ಸೇರುವ ಮೊದಲು ಅಂಗಡಿಯ ಗೋಡೆಯ ಮೇಲಿನ ಲೈಸೆನ್ಸ್ ನೋಡಿ. ಅದರಲ್ಲಿ ಹೆಸರಿರುವ ನೋಂದಾಯಿತ ಫಾರ್ಮಸಿಸ್ಟ್ ನಿಜಕ್ಕೂ ಅಂಗಡಿಯಲ್ಲಿ ಇರುತ್ತಾರೆಯೇ ಎಂದು ಎರಡು ದಿನ ಹೋಗಿ ಗಮನಿಸಿ. ತರಬೇತಿ ಫಾರಂಗೆ ಸಹಿ ಹಾಕಬೇಕಾದವರು ಅವರು, ಅಂಗಡಿ ಮಾಲೀಕರಲ್ಲ.

ಫಿಸಿಯೊಥೆರಪಿ, ಲ್ಯಾಬ್, ಇಮೇಜಿಂಗ್, ಓಟಿ ಟೆಕ್ನಾಲಜಿಯಂಥ ಕೋರ್ಸುಗಳಿಗೆ 2021ರಲ್ಲಿ ಪ್ರತ್ಯೇಕ ರಾಷ್ಟ್ರೀಯ ಆಯೋಗದ ಕಾಯ್ದೆ ಬಂದ ಮೇಲೆ ಪಠ್ಯಕ್ರಮ ಬದಲಾಗುತ್ತಿದೆ. ಸೀನಿಯರ್ ಹೇಳಿದ ಅವಧಿ ನಿಮ್ಮ ಬ್ಯಾಚಿಗೆ ಹೊಂದದೇ ಇರಬಹುದು. ನೀವು ಸೇರಿದ ವರ್ಷದ ರೆಗ್ಯುಲೇಷನ್ ತರಿಸಿಕೊಂಡು ಇಂಟರ್ನ್‌ಶಿಪ್ ಅಧ್ಯಾಯವನ್ನು ಒಮ್ಮೆ ಓದಿ.

ಸಂಶೋಧನೆಯ ಎರಡು ತಿಂಗಳು

ಎಂಬಿಬಿಎಸ್, ಬಿಡಿಎಸ್ ವಿದ್ಯಾರ್ಥಿಗಳಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಎಸ್‌ಟಿಎಸ್ ಎಂಬ ಅಲ್ಪಾವಧಿ ವಿದ್ಯಾರ್ಥಿವೇತನ 1979ರಿಂದ ನಡೆದುಬಂದಿರುವ ಯೋಜನೆ. ಎರಡು ತಿಂಗಳ ಪುಟ್ಟ ಸಂಶೋಧನೆ, 50,000 ರೂಪಾಯಿ. ಆಯುರ್ವೇದದವರಿಗೆ ಕೇಂದ್ರದ ಆಯುರ್ವೇದ ಸಂಶೋಧನಾ ಮಂಡಳಿಯ (ಸಿಸಿಆರ್‌ಎಎಸ್) ಸ್ಪಾರ್ಕ್ ಯೋಜನೆ ಇದೆ. ಅಲ್ಲೂ ಎರಡು ತಿಂಗಳು, 50,000. ಬಿಎಸ್ಸಿ, ಬಿ.ಫಾರ್ಮಾದವರು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜತೆ ಸೇರಿ ನಡೆಸುವ ಬೇಸಿಗೆ ಫೆಲೋಶಿಪ್‌ಗೆ ಪ್ರಯತ್ನಿಸಬಹುದು. ಅದರ ಅರ್ಜಿ ಸಾಮಾನ್ಯವಾಗಿ ನವೆಂಬರ್ ಹೊತ್ತಿಗೇ ಮುಚ್ಚುತ್ತದೆ. ಏಪ್ರಿಲ್‌ನಲ್ಲಿ ಬೇಸಿಗೆ ರಜೆಯ ನೆನಪಾದವರಿಗೆ ಅದು ಆ ವರ್ಷಕ್ಕೆ ಮುಗಿದ ಕಥೆ.

ಎಸ್‌ಟಿಎಸ್‌ಗೆ ಇಂಟರ್ನ್‌ಗಳು ಅರ್ಹರಲ್ಲ. ಆದ್ದರಿಂದ ಎರಡನೇ ವರ್ಷದಲ್ಲೇ ಯೋಚಿಸಬೇಕು. ಪ್ರಕಟಣೆ ಬಂದ ಮೇಲೆ ಗೈಡ್ ಹುಡುಕಲು ಹೊರಟರೆ ತಡವಾಯಿತು. ಒಬ್ಬ ಗೈಡ್ ಒಬ್ಬ ವಿದ್ಯಾರ್ಥಿಯನ್ನು ಮಾತ್ರ ತೆಗೆದುಕೊಳ್ಳುವುದರಿಂದ ಸಂಶೋಧನೆಯಲ್ಲಿ ಹೆಸರಿರುವ ಮೇಷ್ಟ್ರುಗಳನ್ನು ಯಾರಾದರೂ ಮೊದಲೇ ಕೇಳಿಟ್ಟಿರುತ್ತಾರೆ. ಪ್ರೊಫೆಸರ್ ಸಿಗದಿದ್ದರೆ ಬೇಸರ ಬೇಡ. ಹೊಸದಾಗಿ ಸೇರಿದ ಅಸಿಸ್ಟೆಂಟ್ ಪ್ರೊಫೆಸರ್‌ಗೆ ನಿಮ್ಮ ಕರಡು ಓದಲು ಹೆಚ್ಚು ಬಿಡುವಿರುತ್ತದೆ.

ವಿಷಯ ಆರಿಸುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ನಮ್ಮ ಆಸ್ಪತ್ರೆಯ ಓಪಿಡಿಗೆ ಈ ಕಾಯಿಲೆಯವರು ದಿನಕ್ಕೆ ಎಷ್ಟು ಜನ ಬರುತ್ತಾರೆ? ಸ್ಯಾಂಪಲ್ ಎಷ್ಟು ಬೇಕೆಂಬ ಲೆಕ್ಕ ಸಮುದಾಯ ವೈದ್ಯಶಾಸ್ತ್ರದ ಪಾಠದಲ್ಲೇ ಇದೆ. ಸಮಸ್ಯೆಯ ಪ್ರಮಾಣ ಶೇ 30 ಎಂದು ಹಿಂದಿನ ಅಧ್ಯಯನ ಹೇಳಿದೆ ಎಂದುಕೊಳ್ಳಿ. 30ನ್ನು 70ರಿಂದ, ಮತ್ತೆ 4ರಿಂದ ಗುಣಿಸಿದರೆ 8400. ಅದನ್ನು ನೀವು ಒಪ್ಪುವ ತಪ್ಪಿನ ಅಂತರದ ವರ್ಗದಿಂದ ಭಾಗಿಸಬೇಕು. ಅಂತರ 5 ಇಟ್ಟರೆ 336 ಜನ, 10 ಇಟ್ಟರೆ 84. ಎರಡು ತಿಂಗಳಲ್ಲಿ ಕೆಲಸದ ದಿನ ಸುಮಾರು 48. 336 ಎಂದರೆ ದಿನಕ್ಕೆ ಏಳು ಜನರ ಸಂದರ್ಶನ. ತರಗತಿಯನ್ನೂ ನೋಡಿಕೊಂಡು ಇದು ಆಗದು. 84 ಸುಲಭ, ಆದರೆ ಅಷ್ಟು ಅಗಲದ ಅಂತರವನ್ನು ಪರಿಶೀಲಕರು ಪ್ರಶ್ನಿಸುತ್ತಾರೆ. 7 ಇಟ್ಟರೆ 172, ದಿನಕ್ಕೆ ನಾಲ್ಕಕ್ಕಿಂತ ಕಡಿಮೆ. ಸಾಧ್ಯವಾಗುವ ಅಧ್ಯಯನ ಹೀಗೆ ನಡುವೆ ಎಲ್ಲೋ ಇರುತ್ತದೆ.

ಪ್ರಸ್ತಾವನೆಯ ಪಠ್ಯದೊಳಗೆ ನಿಮ್ಮ ಹೆಸರು, ಗೈಡ್ ಹೆಸರು, ಕಾಲೇಜಿನ ಹೆಸರು ಎಲ್ಲೂ ಬರಕೂಡದು. 'ನಮ್ಮ ಕಾಲೇಜು ಆಸ್ಪತ್ರೆ' ಎನ್ನುವ ಬದಲು ಹೆಸರನ್ನೇ ಬರೆದುಬಿಡುವುದು ಸಾಮಾನ್ಯ ತಪ್ಪು. ಸಲ್ಲಿಸುವ ಮೊದಲು ಫೈಲಿನಲ್ಲಿ ಕಾಲೇಜಿನ ಹೆಸರು, ಊರಿನ ಹೆಸರು ಎರಡನ್ನೂ ಸರ್ಚ್ ಮಾಡಿ ನೋಡಿ.

ಎಥಿಕ್ಸ್ ಕಮಿಟಿಯಿಂದ ಅರ್ಜಿ ಮರಳಿ ಬರುವುದು ಬಹುತೇಕ ಒಪ್ಪಿಗೆ ಪತ್ರದ ದೆಸೆಯಿಂದ. ಇಂಗ್ಲಿಷ್ ಜತೆಗೆ ಕನ್ನಡದ ಪತ್ರವೂ ಬೇಕು, ಅದು ರೋಗಿಗೆ ಅರ್ಥವಾಗಬೇಕು. 'ಸದರಿ ಅಧ್ಯಯನದಲ್ಲಿ ಭಾಗವಹಿಸುವಿಕೆಯು ಸಂಪೂರ್ಣ ಸ್ವಯಂಪ್ರೇರಿತವಾಗಿರುತ್ತದೆ' ಎಂದರೆ ಯಾರಿಗೆ ತಿಳಿಯಬೇಕು? 'ಇಷ್ಟವಿದ್ದರೆ ಮಾತ್ರ ಸೇರಿ. ಬೇಡ ಎಂದರೂ ನಿಮ್ಮ ಚಿಕಿತ್ಸೆಗೆ ಏನೂ ತೊಂದರೆ ಇಲ್ಲ. ನಡುವೆ ಬೇಡ ಅನಿಸಿದರೆ ಬಿಡಬಹುದು' ಎಂದು ಬರೆಯಿರಿ. ಬರೆದದ್ದನ್ನು ಓಪಿಡಿಯ ಆಯಾಗೆ ಓದಿ ಹೇಳಿ. ಅವರು ತಡೆದು ಪ್ರಶ್ನೆ ಕೇಳಿದ ಸಾಲನ್ನು ತಿದ್ದಿ.

ಹಣದ ವಿಚಾರವನ್ನೂ ತಿಳಿದಿರಿ. ಎಸ್‌ಟಿಎಸ್ ಮೊತ್ತ ಕೆಲಸ ಶುರುವಾದಾಗ ಬರುವುದಿಲ್ಲ. ವರದಿ ಸಲ್ಲಿಸಿ, ಅದು ಒಪ್ಪಿಗೆಯಾದ ಮೇಲೆ ಬರುತ್ತದೆ. ಝೆರಾಕ್ಸ್, ಕಿಟ್, ಓಡಾಟದ ಖರ್ಚು ಅಲ್ಲಿಯವರೆಗೆ ನಿಮ್ಮ ಜೇಬಿನದು. ಪ್ರತಿ ರೋಗಿಗೆ ದುಬಾರಿ ರಕ್ತಪರೀಕ್ಷೆ ಬೇಕಾಗುವ ವಿಷಯವನ್ನು ಈ ಕಾರಣಕ್ಕೂ ದೂರವಿಡಿ.

ಬೇರೆ ಆಸ್ಪತ್ರೆಯಲ್ಲಿ ಅಬ್ಸರ್ವರ್‌ಶಿಪ್ ಕೇಳುವುದು

ವಿಭಾಗದ ಮುಖ್ಯಸ್ಥರಿಗೆ ಇಮೇಲ್ ಬರೆಯುವಾಗ ಆರು ಸಂಗತಿ ಸಾಕು: ಯಾವ ಕೋರ್ಸು, ಯಾವ ವರ್ಷ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಏನು ಕಲಿಯಬೇಕು, ಕಾಲೇಜಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೊಡಬಲ್ಲಿರಾ, ಫೋನ್ ನಂಬರ್. ಜತೆಗೆ ಒಂದು ಪುಟದ ಬಯೋಡೇಟಾ ಪಿಡಿಎಫ್‌ನಲ್ಲಿ. 'ನನಗೆ ಚಿಕ್ಕಂದಿನಿಂದ ಸೇವೆಯ ಆಸೆ' ಎಂಬ ಪ್ಯಾರಾ ಬೇಡ. 'ಡಯಾಲಿಸಿಸ್ ಘಟಕದಲ್ಲಿ ರೋಗಿಯ ತೂಕ ನೋಡಿ ಎಷ್ಟು ನೀರು ತೆಗೆಯಬೇಕೆಂದು ಹೇಗೆ ನಿರ್ಧರಿಸುತ್ತಾರೆ ಎಂದು ಕಲಿಯಬೇಕು' ಎನ್ನುವ ಒಂದು ಸಾಲು ಅದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಹತ್ತು ದಿನ ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸಿ, ಆಮೇಲೆ ನೇರ ಹೋಗಿ. ಓಪಿಡಿ ನಡೆಯುವ ಬೆಳಗಿನ ಹೊತ್ತಲ್ಲ, ಮಧ್ಯಾಹ್ನ ಊಟದ ನಂತರ. ಮೊದಲು ವಿಭಾಗದ ಕಚೇರಿ ಗುಮಾಸ್ತರನ್ನು ಕಾಣಿ. ಸರ್ ಯಾವಾಗ ಸಿಗುತ್ತಾರೆಂಬುದು ಅವರಿಗೆ ಗೊತ್ತು.

ಅಬ್ಸರ್ವರ್ ಆಗಿ ಹೋದವರು ನೋಡಬಹುದು, ಕೇಳಬಹುದು, ರೋಗಿಯನ್ನು ಮುಟ್ಟುವಂತಿಲ್ಲ. ಕಡ್ಡಾಯ ಇಂಟರ್ನ್‌ಶಿಪ್‌ನ ಲೆಕ್ಕಕ್ಕೂ ಇದು ಬರುವುದಿಲ್ಲ. ಹಣ ಕಟ್ಟಿದರೆ ಮನೆಯಲ್ಲೇ ಕೂತು 'ಕ್ಲಿನಿಕಲ್ ಇಂಟರ್ನ್‌ಶಿಪ್' ಸರ್ಟಿಫಿಕೇಟ್ ಕೊಡುತ್ತೇವೆ ಎನ್ನುವ ಜಾಹೀರಾತುಗಳಿಗೆ ಕೌನ್ಸಿಲ್ ಮುಂದೆ ಕಾಸಿನ ಬೆಲೆ ಇಲ್ಲ.

ವಾರ್ಡಿಗೆ ಇಳಿಯುವ ಮುನ್ನ

ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್: ಇಂದು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಪೋಸ್ಟಿಂಗ್ ಆದೇಶ ಬಂದ ಮೇಲೆ ಹಾಕಿಸಿಕೊಂಡರೆ ಅರ್ಧ ವರ್ಷ ಪೂರ್ತಿ ರಕ್ಷಣೆಯಿಲ್ಲದೆ ಕಳೆಯುತ್ತೀರಿ. ಮೂರನೇ ಡೋಸ್ ಆದ ಒಂದೆರಡು ತಿಂಗಳಿಗೆ ಪ್ರತಿಕಾಯ ಪರೀಕ್ಷೆ ಮಾಡಿಸಿ. ಮಟ್ಟ 10 mIU/mL ಅಥವಾ ಹೆಚ್ಚಿರಬೇಕು. ಆ ವರದಿಯ ಫೋಟೊ ಫೋನಿನಲ್ಲಿರಲಿ, ಮುಂದೆ ಸೂಜಿ ಚುಚ್ಚಿದ ರಾತ್ರಿ ಅದನ್ನೇ ಕೇಳುತ್ತಾರೆ.

ಸೂಜಿ ಚುಚ್ಚುವುದು ಸಾಮಾನ್ಯವಾಗಿ ಮುಚ್ಚಳವನ್ನು ಮರಳಿ ಹಾಕುವಾಗ. ಹಾಗಾಗಿ ಮುಚ್ಚಳ ಹಾಕಬೇಡಿ, ನೇರ ಬಿಳಿ ಡಬ್ಬಿಗೆ. ಚುಚ್ಚಿದರೆ ಬೆರಳನ್ನು ಹಿಂಡಬೇಡಿ, ಬಾಯಿಗೆ ಹಾಕಬೇಡಿ, ಸ್ಪಿರಿಟ್ ಸುರಿಯಬೇಡಿ. ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯಿರಿ. ಡ್ಯೂಟಿ ಡಾಕ್ಟರಿಗೆ ತಕ್ಷಣ ತಿಳಿಸಿ. ಎಚ್‌ಐವಿ ತಡೆಯ ಮಾತ್ರೆ ಬೇಕೆಂದು ತೀರ್ಮಾನವಾದರೆ ಎರಡು ಗಂಟೆಯೊಳಗೆ ಶುರುವಾದರೆ ಉತ್ತಮ. 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಒಟ್ಟು 28 ದಿನ. ಬೈಯುತ್ತಾರೆಂದು ಹೆದರಿ ಬೆಳಗಿನವರೆಗೆ ಸುಮ್ಮನಿರುವುದೇ ಇಲ್ಲಿ ಆಗುವ ದೊಡ್ಡ ತಪ್ಪು.

ಕಸದ ಬಣ್ಣ ಮೊದಲ ದಿನವೇ ಬಾಯಿಪಾಠ ಆಗಲಿ: ರಕ್ತ ತಾಗಿದ ಹತ್ತಿ-ಬ್ಯಾಂಡೇಜ್ ಹಳದಿಗೆ, ಡ್ರಿಪ್ ಟ್ಯೂಬು-ಗ್ಲೌಸು-ಸೂಜಿ ಇಲ್ಲದ ಸಿರಿಂಜು ಕೆಂಪಿಗೆ, ಚೂಪಾದದ್ದು ಬಿಳಿಗೆ, ಗಾಜು ನೀಲಿಗೆ.

ಲ್ಯಾಬ್ ತರಬೇತಿಯವರಿಗೆ ಒಂದು ಮಾತು. ರಕ್ತ ತೆಗೆಯುವ ಟ್ಯೂಬುಗಳ ಕ್ರಮ ಸುಮ್ಮನೆ ಮಾಡಿದ್ದಲ್ಲ. ಕಲ್ಚರ್ ಬಾಟಲಿ, ನೀಲಿ, ಕೆಂಪು ಅಥವಾ ಹಳದಿ, ಹಸಿರು, ನೇರಳೆ, ಕೊನೆಗೆ ಬೂದು. ನೇರಳೆ ಟ್ಯೂಬಿನಲ್ಲಿರುವುದು ರಕ್ತ ಹೆಪ್ಪುಗಟ್ಟದಂತೆ ತಡೆಯುವ, ಪೊಟ್ಯಾಶಿಯಂ ಬೆರೆತ ಇಡಿಟಿಎ. ಅದನ್ನು ಮೊದಲು ತುಂಬಿಸಿ ಆಮೇಲೆ ಕೆಂಪಿಗೆ ಹೋದರೆ ಒಂದು ಹನಿ ಸಾಗಿದರೂ ಸಾಕು, ವರದಿಯಲ್ಲಿ ಪೊಟ್ಯಾಶಿಯಂ ಏರಿ ಕ್ಯಾಲ್ಸಿಯಂ ಇಳಿಯುತ್ತದೆ, ಚೆನ್ನಾಗಿರುವ ರೋಗಿಗೆ ಇಸಿಜಿ ಶುರುವಾಗುತ್ತದೆ. ನೀಲಿ ಟ್ಯೂಬನ್ನು ಗೆರೆಯವರೆಗೆ ತುಂಬಿಸಲೇಬೇಕು; ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ಎಂಬ ಲೆಕ್ಕ ತಪ್ಪಿದರೆ ರಕ್ತ ಹೆಪ್ಪುಗಟ್ಟುವ ಸಮಯ ಸುಳ್ಳಾಗಿ ಹೆಚ್ಚು ಕಾಣುತ್ತದೆ. ಟ್ಯೂಬನ್ನು ಕುಲುಕಬಾರದು, ಮೆಲ್ಲಗೆ ತಲೆಕೆಳಗು ಮಾಡಬೇಕು. ತೋಳಿನ ಪಟ್ಟಿ ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಬಿಗಿದಿರಬಾರದು. ಲೇಬಲ್ ಅಂಟಿಸುವುದು ರೋಗಿಯ ಮಂಚದ ಪಕ್ಕದಲ್ಲೇ, ಲ್ಯಾಬಿಗೆ ಬಂದ ಮೇಲಲ್ಲ.

ಹಳ್ಳಿ ಪೋಸ್ಟಿಂಗ್

ಪಿಎಚ್‌ಸಿ ಪೋಸ್ಟಿಂಗನ್ನು ರಜೆ ಎಂದುಕೊಳ್ಳುವವರಿದ್ದಾರೆ, ಪರೀಕ್ಷೆಗೆ ಓದುವ ಕಾಲ ಎಂದುಕೊಳ್ಳುವವರು ಅದಕ್ಕಿಂತ ಹೆಚ್ಚು. ಆದರೆ ಒಬ್ಬರೇ ನಿಂತು ರೋಗಿಯ ಮಾತು ಕೇಳುವ ಅವಕಾಶ ಮೊದಲು ಸಿಗುವುದು ಅಲ್ಲೇ. ಗುರುವಾರದ ಲಸಿಕೆ ದಿನ ಆರೋಗ್ಯ ಸುರಕ್ಷಾಧಿಕಾರಿಯ ಜತೆ ಪೂರ್ತಿ ಕೂತು ಲಸಿಕೆ ಪೆಟ್ಟಿಗೆಯ ಐಸ್‌ಪ್ಯಾಕ್ ಜೋಡಿಸುವುದರಿಂದ ಹಿಡಿದು ತಾಯಿ ಕಾರ್ಡ್ ಬರೆಯುವವರೆಗೆ ಕಲಿಯಿರಿ. ಒಂದು ದಿನ ಆಶಾ ಕಾರ್ಯಕರ್ತೆಯ ಜತೆ ಮನೆಮನೆ ಸುತ್ತಿ.

ಮಾತಿನ ವಿಷಯದಲ್ಲಿ ಎಚ್ಚರ ಬೇಕು. 'ಗ್ಯಾಸ್ಟ್ರಿಕ್' ಎಂದು ಬಂದವರಲ್ಲಿ ಎದೆಯುರಿಯವರೂ ಇರುತ್ತಾರೆ, ಹೃದಯಾಘಾತದವರೂ ಇರುತ್ತಾರೆ. ಎಲ್ಲಿ ತೋರಿಸಿ, ನಡೆದರೆ ಹೆಚ್ಚಾಗುತ್ತಾ, ಬೆವರು ಬಂತಾ, ತೋಳಿಗೆ ಹರಿಯುತ್ತಾ ಎಂದು ಕೇಳದೆ ಮಾತ್ರೆ ಕೊಡುವಂತಿಲ್ಲ. ಮೈಸೂರು ಕಡೆಯವರು ಉತ್ತರ ಕರ್ನಾಟಕಕ್ಕೆ ಪೋಸ್ಟಿಂಗ್ ಹೋದರೆ 'ಬ್ಯಾನಿ' ಎಂದರೆ ನೋವು, 'ಹೊಟ್ಟಿ ಕಡಿಯಾಕತ್ತೈತಿ' ಎಂದರೆ ತುರಿಕೆಯಲ್ಲ, ಹೊಟ್ಟೆನೋವು ಎಂದು ತಿಳಿದಿರಲಿ. ರೋಗಿಯ ಫೋಟೊ, ಕೇಸ್ ಶೀಟ್, ಎಕ್ಸ್‌ರೇ ಯಾವುದನ್ನೂ ಬ್ಯಾಚಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ.

ಲಾಗ್‌ಬುಕ್

ಅಂದಂದಿನದ್ದನ್ನು ಅಂದಂದೇ ಬರೆಯಿರಿ: ತಾರೀಖು, ವಿಭಾಗ, ಮಾಡಿದ ಕೆಲಸ, ನೋಡಿದ್ದೋ ಸಹಾಯ ಮಾಡಿದ್ದೋ ಸ್ವತಃ ಮಾಡಿದ್ದೋ. ರೋಗಿಯ ಹೆಸರು ಬೇಡ, ಆಸ್ಪತ್ರೆ ನಂಬರ್ ಸಾಕು. ಸಹಿಯನ್ನು ಪೋಸ್ಟಿಂಗ್‌ನ ಕೊನೆಯ ದಿನಕ್ಕೆ ಬಿಡದೆ ವಾರಕ್ಕೊಮ್ಮೆ ಮಾಡಿಸಿ. ಯೂನಿಟ್ ಚೀಫ್ ಸಮ್ಮೇಳನಕ್ಕೆ ಹೋಗುವುದು, ವರ್ಗವಾಗುವುದು ಸರಿಯಾಗಿ ಅದೇ ವಾರ. ರಜೆ ಹಾಕಿದರೆ ಅರ್ಜಿಯ ಮೇಲೆ ಒಪ್ಪಿಗೆ ಬರೆಸಿಕೊಂಡು ಪ್ರತಿ ಇಟ್ಟುಕೊಳ್ಳಿ. ಬಾಯಿಮಾತಿನ ರಜೆ ಹಾಜರಾತಿಯಲ್ಲಿ ಗೈರಾಗುತ್ತದೆ, ಅಷ್ಟು ದಿನ ಇಂಟರ್ನ್‌ಶಿಪ್ ಮುಂದಕ್ಕೆ ಹೋಗುತ್ತದೆ. ಪಿಜಿ ಪ್ರವೇಶಕ್ಕೆ ಇಂಟರ್ನ್‌ಶಿಪ್ ಇಷ್ಟನೇ ತಾರೀಖಿನೊಳಗೆ ಮುಗಿದಿರಬೇಕೆಂಬ ಗಡುವು ಇರುವುದರಿಂದ ಮೂರು ದಿನ ಹೆಚ್ಚಾದರೂ ಒಂದು ವರ್ಷ ಹೋಗಬಹುದು.

ಕೊನೆಯ ಪ್ರಮಾಣಪತ್ರ ಕೈಗೆ ಬಂದಾಗ ಕೌಂಟರ್ ಬಿಡುವ ಮೊದಲೇ ಮೂರು ಸಂಗತಿ ನೋಡಿ: ಹೆಸರಿನ ಕಾಗುಣಿತ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಂತೆಯೇ ಇದೆಯೇ, ಶುರುವಾದ ಮತ್ತು ಮುಗಿದ ತಾರೀಖು ಸರಿಯೇ, ಸಹಿಯ ಕೆಳಗೆ ಮೊಹರು ಬಿದ್ದಿದೆಯೇ.