ನೂರಕ್ಕೆ ನೂರು ಬೋನಸ್, ಏಳು ಸಾವಿರದ ಲೆಕ್ಕ

ಆನ್‌ಲೈನ್ ಕ್ಯಾಸಿನೊದಲ್ಲಿ ನಾನು ಮೊದಲ ಸಲ ಖಾತೆ ತೆರೆದಿದ್ದು ಬೋನಸ್ ಆಸೆಗೇ. ಆಟದ ಹುಚ್ಚು ಅಷ್ಟೇನೂ ಇರಲಿಲ್ಲ. 100 ಹಾಕಿದರೆ ಇನ್ನೊಂದು 100 ನಾವೇ ಕೊಡುತ್ತೇವೆ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದರು. ಹಾಕಿದೆ. ಬ್ಯಾಲೆನ್ಸ್ 200 ಎಂದು ತೋರಿಸಿತು. ಹಣ ಯಾವ ದೇಶದ್ದಾದರೂ ಲೆಕ್ಕ ಒಂದೇ, ಅದಕ್ಕೆ ಬರೀ ಸಂಖ್ಯೆಗಳನ್ನೇ ಹೇಳುತ್ತೇನೆ.

ಬಟನ್ ಒತ್ತಿದರೆ ಚಿತ್ರಗಳು ತಿರುಗಿ ನಿಲ್ಲುವ ಸ್ಲಾಟ್ ಆಟ ಎಂದರೆ ನನಗೆ ನಂಬಿಕೆ ಕಡಿಮೆ. ಹಾಗಾಗಿ ರೂಲೆಟ್ ಆಡಿದೆ, ತಿರುಗುವ ಚಕ್ರದಲ್ಲಿ ಚೆಂಡು ಯಾವ ಸಂಖ್ಯೆ, ಯಾವ ಬಣ್ಣದ ಮನೆಯಲ್ಲಿ ನಿಲ್ಲುತ್ತದೆ ಎಂದು ಬೆಟ್ ಕಟ್ಟುವ ಆಟ. ಸಣ್ಣ ಸಣ್ಣ ಬೆಟ್, ಎರಡು ಸಂಜೆ. ಅದೃಷ್ಟವೂ ಚೆನ್ನಾಗಿತ್ತು, ಬ್ಯಾಲೆನ್ಸ್ 260ಕ್ಕೆ ಏರಿತು. ಸಾಕು, ತೆಗೆದುಕೊಂಡು ಹೋಗೋಣ ಎಂದು ವಿತ್‌ಡ್ರಾ ಒತ್ತಿದರೆ ಬಟನ್ ಅಲುಗಾಡಲಿಲ್ಲ. ಕೆಳಗೆ ಚಿಕ್ಕದಾಗಿ ‘ಬಾಕಿ 6,800’ ಎಂದಿತ್ತು.

ಚಾಟ್‌ನಲ್ಲಿ ಕೇಳಿದೆ. ಆ ಕಡೆಯವರು ತುಂಬಾ ವಿನಯದಿಂದ ಷರತ್ತಿನ ಒಂದು ಸಾಲನ್ನು ಕಳಿಸಿದರು. ಡೆಪಾಸಿಟ್ ಮತ್ತು ಬೋನಸ್ ಎರಡೂ ಸೇರಿದ ಮೊತ್ತದ 35 ಪಟ್ಟು ಬೆಟ್ ಕಟ್ಟಿ ಮುಗಿಸಿದ ಮೇಲೆಯೇ ಹಣ ತೆಗೆಯಬಹುದು. ಇದಕ್ಕೆ ವೇಜರಿಂಗ್ ಎನ್ನುತ್ತಾರೆ. 200ರ 35 ಪಟ್ಟು ಎಂದರೆ 7,000. ಸರಿ, ಆದರೆ ನಾನು ಆಗಲೇ ಸುಮಾರು 2,000ದಷ್ಟು ಬೆಟ್ ಕಟ್ಟಿದ್ದೆನಲ್ಲ, ಬಾಕಿ 5,000 ಆಗಬೇಕಿತ್ತಲ್ವಾ? ಅದಕ್ಕೂ ಒಂದು ಸಾಲು ಬಂತು. ರೂಲೆಟ್‌ನಲ್ಲಿ ಕಟ್ಟಿದ್ದು 10 ಶೇಕಡಾ ಮಾತ್ರ ಲೆಕ್ಕಕ್ಕೆ. ನನ್ನ 2,000 ಅವರ ಪುಸ್ತಕದಲ್ಲಿ 200 ಆಗಿತ್ತು.

ಆಗ ಬುದ್ಧಿ ಇದ್ದವರು ಬೋನಸ್ ರದ್ದು ಮಾಡಿ, ಉಳಿದದ್ದನ್ನು ತೆಗೆದುಕೊಂಡು ಹೊರಡಬಹುದಾ ಎಂದು ಕೇಳುತ್ತಿದ್ದರು. ನನಗೆ 260 ಕಣ್ಣಿಗೆ ಕಟ್ಟಿತ್ತು. ಸ್ಲಾಟ್ ಪೂರ್ತಿ 100 ಶೇಕಡಾ ಲೆಕ್ಕಕ್ಕೆ ಬರುತ್ತದೆ ಎಂದು ಗೊತ್ತಾಗಿ ಅದಕ್ಕೇ ಕೂತೆ. ಒಂದು ವಾರದ ಗಡುವು ಬೇರೆ. ಬಾಕಿ 1,900 ಇರುವಾಗ ಬ್ಯಾಲೆನ್ಸ್ ಸೊನ್ನೆ ಆಯಿತು.

ಹಣ ಹೋದ ಮೇಲೆ ಷರತ್ತುಗಳನ್ನು ನಿಧಾನವಾಗಿ ಓದಿದೆ. ಬೋನಸ್ ಇರುವಾಗ ಒಂದು ಸ್ಪಿನ್‌ಗೆ, ಅಂದರೆ ಒಂದು ಸುತ್ತಿಗೆ, 5ಕ್ಕಿಂತ ಜಾಸ್ತಿ ಕಟ್ಟುವ ಹಾಗಿಲ್ಲವಂತೆ. ನಾನು ಬೇಸರ ಬಂದಾಗ ಒಂದೆರಡು ಸಲ 10 ಕಟ್ಟಿದ್ದೆ. ಯಂತ್ರ ತಡೆಯಲಿಲ್ಲ, ಸುಮ್ನೆ ತೆಗೆದುಕೊಂಡಿತು. ಅಂದರೆ 7,000 ಮುಗಿಸಿ ಗೆದ್ದಿದ್ದರೂ ಆ ಒಂದು ಸ್ಪಿನ್ ತೋರಿಸಿ ಗೆದ್ದದ್ದನ್ನೆಲ್ಲ ರದ್ದು ಮಾಡುವ ಹಕ್ಕು ಅವರಿಗಿತ್ತು. ಸೋತದ್ದಕ್ಕಿಂತ ಇದೇ ನನಗೆ ಜಾಸ್ತಿ ಉರಿಸಿತು. ತಡೆಯುವುದು ಅವರಿಗೆ ಒಂದು ಸಾಲಿನ ಕೋಡ್ ಕೆಲಸ. ಕೆಲವು ಸೈಟ್‌ಗಳು ತಡೆಯುತ್ತವೆ ಕೂಡ.

ಅಲ್ಲಿಂದ ಮುಂದೆ ಖಾತೆ ತೆರೆಯುವ ಮೊದಲೇ ಷರತ್ತಿನ ಪುಟ ತೆರೆಯುವ ಅಭ್ಯಾಸ ಮಾಡಿಕೊಂಡೆ. ಸಾಮಾನ್ಯ ಷರತ್ತು ಒಂದು ಪುಟ, ಬೋನಸ್ ಷರತ್ತು ಇನ್ನೊಂದು, ಆ ನಿರ್ದಿಷ್ಟ ಕೊಡುಗೆಯ ಷರತ್ತು ಮತ್ತೊಂದು. ಮೂರನ್ನೂ ನೋಡಬೇಕು. ನೋಡುವುದು ಮುಖ್ಯವಾಗಿ ಒಂದೇ ಉತ್ತರಕ್ಕೆ: ಒಟ್ಟು ಎಷ್ಟು ಬೆಟ್ ಕಟ್ಟಬೇಕು, ಅದರಲ್ಲಿ ಕ್ಯಾಸಿನೊ ಪಾಲು ಎಷ್ಟು ಹೋಗುತ್ತದೆ.

ಸ್ಲಾಟ್‌ನಲ್ಲಿ ಆರ್‌ಟಿಪಿ (ರಿಟರ್ನ್ ಟು ಪ್ಲೇಯರ್, ಆಡುವವರಿಗೆ ವಾಪಸ್ ಬರುವ ಪಾಲು) ಎಂದು ಒಂದು ಸಂಖ್ಯೆ ಇರುತ್ತದೆ. 96 ಶೇಕಡಾ ಎಂದಿದ್ದರೆ ದೀರ್ಘ ಕಾಲದ ಸರಾಸರಿಯಲ್ಲಿ 100 ಕಟ್ಟಿದಾಗ 96 ವಾಪಸ್ ಬರುತ್ತದೆ, 4 ಅವರಿಗೆ. 7,000 ಕಟ್ಟಿದರೆ 280 ಅವರಿಗೆ. ನನ್ನ ಹತ್ತಿರ ಇದ್ದದ್ದೇ 200! ಸರಾಸರಿಯ ಪ್ರಕಾರ ನಾನು ಗುರಿ ಮುಟ್ಟುವ ಮೊದಲೇ ಖಾಲಿಯಾಗಬೇಕಿತ್ತು, ಹಾಗೇ ಆಯಿತು. ಯಾರೋ ಒಬ್ಬರಿಗೆ ದೊಡ್ಡ ಗೆಲುವು ಬಿದ್ದು ದಾಟಿಹೋಗಬಹುದು. ಅದು ಅದೃಷ್ಟ, ಲೆಕ್ಕವಲ್ಲ.

ಇದೇ 35 ಪಟ್ಟು ಬೋನಸ್‌ಗೆ ಮಾತ್ರ ಅನ್ವಯಿಸಿದರೆ 3,500 ಆಗುತ್ತದೆ, ಸರಾಸರಿ ನಷ್ಟ 140. ಪದ ಒಂದೇ, ಹೊರೆ ಅರ್ಧ. ಆದರೂ 100ರ ಬೋನಸ್‌ಗೆ 140 ಕೊಡುವುದು ಎಂಥ ವ್ಯಾಪಾರ? ಜಾಹೀರಾತಿನಲ್ಲಿ ‘35 ಪಟ್ಟು’ ಎಂದಷ್ಟೇ ಇರುತ್ತದೆ. ಯಾವುದರ 35 ಪಟ್ಟು ಎನ್ನುವುದು ಒಳಗೆಲ್ಲೋ ಇರುತ್ತದೆ.

ಬ್ಲಾಕ್‌ಜಾಕ್ ಎಂಬ ಇಸ್ಪೀಟ್ ಆಟ ಆಡೋಣ, ಅದರಲ್ಲಿ ಕ್ಯಾಸಿನೊ ಪಾಲು ಕಡಿಮೆ ಅಲ್ವಾ ಎಂದು ನನಗೂ ಅನ್ನಿಸಿತ್ತು. ನಿಯಮ ಒಳ್ಳೆಯದಿದ್ದು, ಸರಿಯಾಗಿ ಆಡಿದರೆ ಅರ್ಧ ಶೇಕಡಾದಷ್ಟೇ. ಆದರೆ ಅದನ್ನೂ 10 ಶೇಕಡಾ ಮಾತ್ರ ಎಣಿಸಿದರೆ 3,500ರ ಬದಲು 35,000 ಕಟ್ಟಬೇಕು. ಅದರ ಅರ್ಧ ಶೇಕಡಾ 175. ಸ್ಲಾಟ್‌ಗಿಂತ ಜಾಸ್ತಿಯೇ ಆಯಿತು. ರೂಲೆಟ್ ಇನ್ನೂ ಕೆಟ್ಟದ್ದು. ಒಂದೇ ಸೊನ್ನೆಯ ಚಕ್ರದಲ್ಲಿ 37 ಮನೆ, ಕ್ಯಾಸಿನೊ ಪಾಲು 2.7 ಶೇಕಡಾ. 35,000ಕ್ಕೆ ಸುಮಾರು 945. ಎಷ್ಟೋ ಸೈಟ್‌ಗಳಲ್ಲಿ ಈ ಆಟಗಳಿಗೆ ಸೊನ್ನೆ ಶೇಕಡಾ. ಆಡಿದ್ದು ಪೂರಾ ದಂಡ. ಕೆಂಪು, ಕಪ್ಪು ಎರಡರ ಮೇಲೂ ಒಟ್ಟಿಗೆ ಕಟ್ಟಿ ಹೆಚ್ಚು ಏರಿಳಿತವಿಲ್ಲದೆ ಲೆಕ್ಕ ತುಂಬಿಸುವ ಉಪಾಯ ಹೊಳೆದವರಿಗೂ ಬಾಗಿಲು ಮುಚ್ಚಿದೆ. ಅದು ‘ಅಸಹಜ ಆಟ’ ಎಂಬ ಸಾಲಿನಡಿ ಬರುತ್ತದೆ.

ಸ್ಲಾಟ್ ವಿಷಯದಲ್ಲಿ ನನಗೆ ತಡವಾಗಿ ಗೊತ್ತಾದ ಸಂಗತಿ ಒಂದಿದೆ. ಒಂದೇ ಆಟವನ್ನು ತಯಾರಕರು ಬೇರೆ ಬೇರೆ ಆರ್‌ಟಿಪಿಯಲ್ಲಿ ಕೊಡುವುದುಂಟು. ಒಂದು ಕಡೆ 96 ಇದ್ದದ್ದು ಇನ್ನೊಂದು ಕಡೆ 94 ಇರಬಹುದು. ಚಿತ್ರ, ಹೆಸರು, ಸದ್ದು ಎಲ್ಲಾ ಅದೇ. ಆಟದೊಳಗಿನ ಸಹಾಯ ಪುಟದಲ್ಲಿ ನೋಡಿದರೆ ಸಾಮಾನ್ಯವಾಗಿ ಸಿಗುತ್ತದೆ. ಎರಡೇ ಶೇಕಡಾ ತಾನೇ ಎನ್ನಬೇಡಿ, 7,000ಕ್ಕೆ 280 ಇದ್ದ ನಷ್ಟ 420 ಆಗುತ್ತದೆ. ಆರ್‌ಟಿಪಿ ತೀರಾ ಚೆನ್ನಾಗಿರುವ ಆಟಗಳು ಹೆಚ್ಚಾಗಿ ‘ಬೋನಸ್‌ನಲ್ಲಿ ಆಡಬಾರದ ಆಟ’ಗಳ ಪಟ್ಟಿಯಲ್ಲಿರುತ್ತವೆ. ಆ ಪಟ್ಟಿ ಉದ್ದ. ಅದರಲ್ಲಿರುವ ಆಟವನ್ನು ತಪ್ಪಿ ಆಡಿದರೂ ಗೆಲುವು ರದ್ದಾಗಬಹುದು.

ಉಚಿತ ಸ್ಪಿನ್ ಅಂತೂ ಮೂಗಿಗೆ ತುಪ್ಪ. 50 ಸ್ಪಿನ್ ಎಂದರೆ ಕೇಳಲು ಜೋರಾಗಿದೆ. ಒಂದೊಂದರ ಬೆಲೆ 0.10. ಒಟ್ಟು 5. ಗೆದ್ದದ್ದು ಮತ್ತೆ ಬೋನಸ್ ಆಗಿ ಜಮೆಯಾಗುತ್ತದೆ, ಅದಕ್ಕೆ ಮತ್ತೆ 40 ಪಟ್ಟು. ಮೇಲಿಂದ ಎಷ್ಟೇ ಗೆದ್ದರೂ ಇಷ್ಟಕ್ಕಿಂತ ಜಾಸ್ತಿ ತೆಗೆಯುವ ಹಾಗಿಲ್ಲ ಎಂಬ ಮಿತಿ. ಇವುಗಳಿಗಾಗಿ ನಾನು ಈಗ ಖಾತೆ ತೆರೆಯುವುದಿಲ್ಲ.

ಯಾವ ಹಣ ಮೊದಲು ಖರ್ಚಾಗುತ್ತದೆ ಎನ್ನುವುದನ್ನೂ ಹುಡುಕುತ್ತೇನೆ. ಕೆಲವು ಕಡೆ ನಿಮ್ಮ ಹಣ ಮೊದಲು, ಬೋನಸ್ ಆಮೇಲೆ. ಆಗ ನಿಮ್ಮ ಹಣದಲ್ಲೇ ಗೆದ್ದರೆ ಬೋನಸ್ ಬಿಟ್ಟು ಗೆದ್ದದ್ದನ್ನು ತೆಗೆದುಕೊಂಡು ಹೋಗಬಹುದು. ಇನ್ನು ಕೆಲವು ಕಡೆ ಎರಡೂ ಕಲಸಿ ಒಂದೇ ಮುದ್ದೆ. ನಾನು ಮೊದಲು ಸಿಕ್ಕಿಬಿದ್ದದ್ದು ಅಂಥದ್ದರಲ್ಲೇ. ಬೋನಸ್ ಮೊತ್ತ ಆಡುವುದಕ್ಕೆ ಮಾತ್ರ, ಹಣ ತೆಗೆಯುವಾಗ ಅದನ್ನು ಕಳೆದು ಕೊಡುತ್ತೇವೆ ಎನ್ನುವ ಬಗೆಯೂ ಇದೆ.

ಗಡುವನ್ನು ಗಂಟೆಗೆ ಬದಲಿಸಿ ನೋಡುತ್ತೇನೆ. 7 ದಿನಕ್ಕೆ 7,000 ಎಂದರೆ ದಿನಕ್ಕೆ 1,000. ಸ್ಪಿನ್‌ಗೆ 1 ಕಟ್ಟಿದರೆ ಸಾವಿರ ಸ್ಪಿನ್. ನಿಮಿಷಕ್ಕೆ ಹತ್ತರಂತೆ ದಿನಾ ಒಂದು ಗಂಟೆ ನಲವತ್ತು ನಿಮಿಷ. ಬಿಡುವಿನ ಆಟ ಎಂದುಕೊಂಡದ್ದು ಕೂಲಿ ಕೆಲಸ ಆಗುತ್ತದೆ.

ಬ್ರಿಟನ್‌ನಲ್ಲಿ 2026ರ ಜನವರಿಯಿಂದ 10 ಪಟ್ಟಿಗಿಂತ ಜಾಸ್ತಿ ಕೇಳುವ ಹಾಗಿಲ್ಲ. ಸ್ವೀಡನ್‌ನಲ್ಲಿ 2019ರಿಂದ ಮೊದಲ ಸಲ ಆಡುವಾಗ ಮಾತ್ರ ಬೋನಸ್ ಕೊಡಬಹುದು. ಇಂಥ ನಿಯಮವಿಲ್ಲದ ಕಡೆ ಲೈಸೆನ್ಸ್ ಪಡೆದ ಸೈಟ್‌ಗಳಲ್ಲೇ ನನಗೆ 50, 60 ಪಟ್ಟು ಕಂಡದ್ದು.

ಎರಡನೇ ಸಲ ಬೋನಸ್ ತೆಗೆದುಕೊಂಡದ್ದು ಬಹಳ ದಿನಗಳ ಮೇಲೆ. 100ಕ್ಕೆ 100, ಬೋನಸ್‌ಗೆ ಮಾತ್ರ 10 ಪಟ್ಟು, ಬೋನಸ್ ಕೂಡ ಕೈಗೆ ಬರುವ ಬಗೆ. 1,000 ಕಟ್ಟಬೇಕು, ಸರಾಸರಿ ನಷ್ಟ 40. ಬೆಟ್ ಮಿತಿಯನ್ನು ಚೀಟಿಯಲ್ಲಿ ಬರೆದು ಪರದೆಗೆ ಅಂಟಿಸಿದೆ. ಷರತ್ತಿನ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟೆ, ಆಮೇಲೆ ಬದಲಾದರೆ ತೋರಿಸಲು ಏನಾದರೂ ಬೇಕಲ್ಲ. ಗುರುತಿನ ಚೀಟಿ, ವಿಳಾಸದ ದಾಖಲೆಯನ್ನು ಆಟಕ್ಕೆ ಮೊದಲೇ ಕಳಿಸಿದೆ. ಎಷ್ಟೋ ಜನ ಇದನ್ನು ಗೆದ್ದ ಮೇಲೆ ಮಾಡುತ್ತಾರೆ. ದಾಖಲೆ ಪರಿಶೀಲನೆಯಲ್ಲಿದೆ ಎಂದು ಹಣ ನಿಂತಿರುವಾಗ ಪಕ್ಕದಲ್ಲೇ ‘ವಿತ್‌ಡ್ರಾ ರದ್ದು ಮಾಡಿ ಮತ್ತೆ ಆಡಿ’ ಎಂಬ ಬಟನ್ ಇರುತ್ತದೆ. ಕಾದು ಕಾದು ಒತ್ತಿಬಿಡುತ್ತಾರೆ. ಬ್ರಿಟನ್‌ನಲ್ಲಿ 2021ರಲ್ಲಿ ಆ ಬಟನ್ನನ್ನೇ ನಿಷೇಧಿಸಿದರು.

1,000 ಮುಗಿದಾಗ ಬ್ಯಾಲೆನ್ಸ್ 138. ತೆಗೆದೆ, ನಾಲ್ಕು ದಿನಕ್ಕೆ ಬಂತು. ಮೊದಲ ಸಲದ 100 ಸೇರಿಸಿದರೆ ನನ್ನ ಲೆಕ್ಕದಲ್ಲಿ ಇನ್ನೂ 62 ನಷ್ಟ. ಅದೇ ವಾರ ಆ ಸೈಟ್‌ನಿಂದ ಹೊಸ ಬೋನಸ್‌ನ ಮೇಲ್ ಬಂತು. ಈ ಸಲ 45 ಪಟ್ಟು, ಎರಡೂ ಸೇರಿ. 9,000ದ 4 ಶೇಕಡಾ 360 ಎಂದು ಬಾಯಲ್ಲೇ ಗುಣಿಸಿ ಅಳಿಸಿದೆ.