ಹೆಸರಾಂತ ವಿದ್ವಾಂಸರ ಬಳಿ ಪಿಟೀಲು ಪಾಠ: ಕೊಟ್ಟ ಹಣಕ್ಕೆ ನನಗೆ ದಕ್ಕಿದ್ದು

ಬೆಂಗಳೂರಿನಲ್ಲಿ ಕರ್ನಾಟಕ ಸಂಗೀತದ ಪಿಟೀಲು ಕಲಿಯುವುದಕ್ಕೆ ಇಷ್ಟೇ ಖರ್ಚು ಎಂದು ಹೇಳಲು ಬರುವುದಿಲ್ಲ. ನಮ್ಮ ಬಡಾವಣೆಯ ಟೀಚರ್ ಮನೆಯಲ್ಲಿ ನಾಲ್ಕೈದು ಜನರ ಜೊತೆ ಕೂತು ವಾರಕ್ಕೊಂದು ಪಾಠ ಹೇಳಿಸಿಕೊಳ್ಳುವುದಕ್ಕೆ ನಾನು ತಿಂಗಳಿಗೆ 1,500 ರೂಪಾಯಿ ಕೊಡುತ್ತಿದ್ದೆ. ದೇಶವಿದೇಶಗಳಲ್ಲಿ ಸಂಗೀತ ಕಚೇರಿ ನಡೆಸುವ ಹಿರಿಯ ವಿದ್ವಾಂಸರೊಬ್ಬರ ಮುಂದೆ ಒಬ್ಬಳೇ ಕೂತು ಕಲಿಯಲು ಹೋದಾಗ ಒಂದು ಗಂಟೆಗೆ 2,000 ರೂಪಾಯಿ ಆಯಿತು. ಬ್ಯಾಂಕಿನ ಸಂಬಳದಲ್ಲಿ ಮನೆ ನಡೆಸಿ, ಉಳಿದ ಹೊತ್ತಿನಲ್ಲಿ ಸಾಧಕ ಮಾಡುವ ನನ್ನಂಥವರಿಗೆ ಇದು ಸಣ್ಣ ಮೊತ್ತವಲ್ಲ. ಆ ಹಣ ಸಾರ್ಥಕವಾಯಿತೇ ಎಂದು ಕಲಿಯುವ ಗೆಳತಿಯರು ಆಗಾಗ ಕೇಳುತ್ತಾರೆ. ಆಯಿತು ಎನ್ನುತ್ತೇನೆ, ಆದರೆ ಯಾವ ಹಂತದಲ್ಲಿ ಹೋದೆ, ಏನು ಹೊತ್ತುಕೊಂಡು ಹೋದೆ ಎಂಬುದನ್ನು ಬಿಟ್ಟು ಆ ಉತ್ತರ ಕೊಟ್ಟರೆ ಕೇಳಿದವರ ದುಡ್ಡು ಪೋಲಾಗುತ್ತದೆ.

ನಾನು ಹೋದದ್ದು ಸಂಗೀತದ ಸೀನಿಯರ್ ದರ್ಜೆಯ ಪರೀಕ್ಷೆ ಮುಗಿದ ಮೇಲೆ. ಆರಂಭದ ಸ್ವರಾಭ್ಯಾಸಗಳಾದ ಸರಳೆ, ಜಂಟಿ, ದಾಟು ವರಸೆಗಳು ಮೂರು ಕಾಲದಲ್ಲಿ (ಮೂರು ವೇಗಗಳಲ್ಲಿ) ಕೈಗೆ ಕೂತಿದ್ದವು, ಅಭ್ಯಾಸಕ್ಕೂ ಕಚೇರಿಗೂ ಒದಗುವ ವರ್ಣವೆಂಬ ರಚನೆಗಳು ಇದ್ದವು, ಕೃತಿಗಳೂ ಒಂದಷ್ಟು ಸೇರಿದ್ದವು. ಸ್ವರ ತಪ್ಪುತ್ತಿರಲಿಲ್ಲ, ತಾಳ ತಪ್ಪುತ್ತಿರಲಿಲ್ಲ, ಆದರೂ ನುಡಿಸಿದ್ದು ಪಾಠ ಒಪ್ಪಿಸಿದ ಹಾಗೆಯೇ ಕೇಳುತ್ತಿತ್ತು. ಈ ಕೊರತೆಯನ್ನು ಮೊದಲು ಎತ್ತಿ ಹೇಳಿದವರು ನಮ್ಮ ಟೀಚರ್ ಅವರೇ. ನಮ್ಮಲ್ಲಿ ಒಬ್ಬ ಗುರುವಿನ ಬಳಿ ಕಲಿಯುತ್ತಿರುವಾಗ ಇನ್ನೊಬ್ಬರ ಮನೆ ಬಾಗಿಲು ತಟ್ಟುವುದು ಸೂಕ್ಷ್ಮದ ಸಂಗತಿ. ಹಲವರು ಇದನ್ನು ಮುಚ್ಚಿಟ್ಟು ಮಾಡುತ್ತಾರೆ, ಆಮೇಲೆ ಅದು ಹೇಗೋ ಗೊತ್ತಾಗಿ ಮನಸ್ತಾಪಕ್ಕೆ ದಾರಿಯಾಗುತ್ತದೆ. ನಾನು ನೇರವಾಗಿ ಕೇಳಿದೆ. ಅವರು, "ಖಂಡಿತ ಹೋಗಿ. ಆದರೆ ಅವರು ಹೇಳಿಕೊಟ್ಟಿದ್ದನ್ನ ನನಗೂ ತೋರಿಸ್ಬೇಕು" ಎಂದರು. ಈ ಒಪ್ಪಂದದಿಂದ ಆದ ಲಾಭವನ್ನು ಮುಂದೆ ಹೇಳುತ್ತೇನೆ.

ಶುಲ್ಕದ ಮಾತು ಎತ್ತುವುದೇ ನಮ್ಮಲ್ಲಿ ಒಂದು ಕಷ್ಟ. ಹಿರಿಯ ವಿದ್ವಾಂಸರಲ್ಲಿ ಕೆಲವರು ಗಂಟೆಗಿಷ್ಟು ಎಂದು ಮೊದಲೇ ತಿಳಿಸುತ್ತಾರೆ; ಕೆಲವರು "ನಿಮ್ಮ ಇಷ್ಟ" ಎಂದುಬಿಡುತ್ತಾರೆ, ಆಗ ತಟ್ಟೆಯಲ್ಲಿ ಎಲೆ ಅಡಿಕೆ ಹಣ್ಣಿನ ಜೊತೆ ಇಡುವ ಕವರಿನೊಳಗೆ ಎಷ್ಟು ಹಾಕಬೇಕೆಂದು ತಿಳಿಯದೆ ಒದ್ದಾಡುವುದು ನಮ್ಮ ಪಾಲಿಗೆ ಬರುತ್ತದೆ. ನಾನು ಹೋದವರು ಎರಡನೆಯ ಬಗೆಯವರು. ಅವರ ಬಳಿ ಬಹಳ ಕಾಲದಿಂದ ಕಲಿಯುತ್ತಿದ್ದ ಶಿಷ್ಯೆಯೊಬ್ಬರನ್ನು ಕೇಳಿ ಮೊತ್ತ ತಿಳಿದುಕೊಂಡೆ. ಹೀಗೆ ಕೇಳಲು ಸಂಕೋಚಪಡಬೇಕಾಗಿಲ್ಲ, ಇದು ಎಲ್ಲರೂ ಹಿಡಿಯುವ ದಾರಿ. ಹಿಂದಿನ ಗುರುಕುಲದಲ್ಲಿ ವಿದ್ಯೆಗೆ ಬೆಲೆಯೇ ಇರಲಿಲ್ಲ, ಈಗ ಎಲ್ಲ ವ್ಯಾಪಾರವಾಯಿತು ಎಂಬ ಮಾತನ್ನು ನಾನು ಅಷ್ಟಾಗಿ ಒಪ್ಪುವುದಿಲ್ಲ. ಪಿಟೀಲನ್ನು ನಮ್ಮ ಸಂಗೀತಕ್ಕೆ ತಂದವರಲ್ಲಿ ಮೊದಲಿಗರಾದ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಯೂರೋಪಿನ ವಾದಕರೊಬ್ಬರಿಂದ ಅದನ್ನು ಕಲಿತರು, ಅದರ ಹಿಂದೆ ಒಬ್ಬ ಶ್ರೀಮಂತ ಆಶ್ರಯದಾತರ ನೆರವಿತ್ತು. ಪಿಟೀಲು ವಿದ್ವಾಂಸ ಮೈಸೂರು ಟಿ. ಚೌಡಯ್ಯನವರು ಗಾಯಕ ಬಿಡಾರಂ ಕೃಷ್ಣಪ್ಪನವರ ಬಳಿ ವರ್ಷಗಟ್ಟಲೆ ಶಿಷ್ಯವೃತ್ತಿ ಮಾಡಿದರು. ಬೆಲೆಯನ್ನು ಒಂದು ಕಡೆ ಆಶ್ರಯದಾತರು ತೆತ್ತರು, ಇನ್ನೊಂದು ಕಡೆ ಶಿಷ್ಯ ತನ್ನ ಹರೆಯದ ವರ್ಷಗಳಲ್ಲಿ ತೆತ್ತ. ನನ್ನ ಬಳಿ ವರ್ಷಗಳಿಲ್ಲ, ಆದ್ದರಿಂದ ಹಣ ಕೊಡುತ್ತೇನೆ.

ಮೊದಲ ಪಾಠದಲ್ಲಿ ನಾನು ಭೈರವಿ ರಾಗದ ಅಟತಾಳ ವರ್ಣ ನುಡಿಸಿದೆ. ಪಲ್ಲವಿಯ ಮೊದಲ ಆವರ್ತನ (ತಾಳದ ಒಂದು ಸುತ್ತು) ಮುಗಿಯುವ ಮೊದಲೇ ಅವರು ಕೈಯೆತ್ತಿ ನಿಲ್ಲಿಸಿದರು. "ಪಿಟೀಲು ಕೆಳಗಿಡಿ, ಇದೇ ಸಾಲು ಹಾಡಿ" ಎಂದರು. ಹಾಡಿದೆ. "ಉಸಿರು ಎಲ್ಲಿ ತಗೊಂಡ್ರಿ, ನೋಡಿಕೊಂಡ್ರಾ? ಅಲ್ಲಿ ಕಮಾನು ತಿರುಗಿಸಿ. ನೀವು ಗಮಕದ ಹೊಟ್ಟೆಯಲ್ಲಿ ತಿರುಗಿಸ್ತಾ ಇದ್ದೀರಿ" ಎಂದರು. ನಾನು ಕಮಾನು ತಿರುಗಿಸುತ್ತಿದ್ದದ್ದು ಅದು ತುದಿಗೆ ಬಂದು ಮುಗಿದಾಗ. ಅದು ಅಷ್ಟು ಬೇಗ ಮುಗಿಯಲು ಕಾರಣವಿತ್ತು: ಪ್ರತಿ ಸ್ವರದ ಆರಂಭದಲ್ಲೇ ಅರ್ಧಕ್ಕಿಂತ ಹೆಚ್ಚು ಕಮಾನನ್ನು ಖರ್ಚು ಮಾಡಿಬಿಡುತ್ತಿದ್ದೆ, ಸ್ವರವನ್ನು ಅಲುಗಿಸುವ ಕಂಪಿತವೆಂಬ ಗಮಕ ಬರುವ ಹೊತ್ತಿಗೆ ಕೈಯಲ್ಲಿ ಮೂರು ನಾಲ್ಕು ಅಂಗುಲವೂ ಉಳಿಯುತ್ತಿರಲಿಲ್ಲ.

ಆಮೇಲೆ ಅವರು ಎದ್ದು ಬಂದು ನನ್ನ ಬಲ ಮೊಣಕೈಯ ಹಿಂದೆ ತಮ್ಮ ಅಂಗೈ ಇಟ್ಟು, ಮಂದ್ರ ಷಡ್ಜವನ್ನು ಒಂದೇ ಕಮಾನಿನಲ್ಲಿ ಬುಡದಿಂದ ತುದಿಯವರೆಗೆ ಎಳೆಯಲು ಹೇಳಿದರು. ಅರ್ಧ ದಾಟುತ್ತಿದ್ದಂತೆ ಮೊಣಕೈ ಅವರ ಅಂಗೈಯನ್ನು ಹಿಂದಕ್ಕೆ ತಳ್ಳಿತು. ತೋಳು ಹಿಂದಕ್ಕೆ ಹೋದರೆ ಕಮಾನು ಓರೆಯಾಗುತ್ತದೆ, ಓರೆಯಾದ ಕಮಾನು ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯ ಬಳಿ ನಿಲ್ಲದೆ ಫಿಂಗರ್ ಬೋರ್ಡಿನ ಕಡೆಗೆ ಜಾರುತ್ತದೆ, ನಾದ ತೆಳುವಾಗುತ್ತದೆ. ತೆಳುವಾಯಿತೆಂದು ನಾನು ಒತ್ತುತ್ತೇನೆ, ಒತ್ತಿದಾಗ ಅದು ಕರಕರ ಎನ್ನುತ್ತದೆ. ಅರ್ಧ ದಾಟಿದ ಮೇಲೆ ತೋಳನ್ನು ಅಲ್ಲೇ ಬಿಟ್ಟು ಮೊಣಕೈ ಬಿಚ್ಚಿಕೊಂಡು ಮುಂಗೈ ಮಾತ್ರ ಮುಂದಕ್ಕೆ ಹೋಗಬೇಕು ಎಂಬುದನ್ನು ಅವರು ಬಾಯಲ್ಲಿ ಹೇಳಲೇ ಇಲ್ಲ, ಅಂಗೈ ತೆಗೆಯದೆ ಹಾಗೆಯೇ ನಿಂತರು. ಅದಕ್ಕೆ ತಗಲದಂತೆ ಎಳೆಯುವುದನ್ನು ಕೈ ತಾನೇ ಕಲಿತುಕೊಂಡಿತು. ಆ ಗಂಟೆ ಪೂರ್ತಿ ಇದರಲ್ಲೇ ಕಳೆಯಿತು. ವರ್ಣ ಮುಂದಕ್ಕೆ ಹೋಗಲಿಲ್ಲ.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ನೋಡಬೇಕು. ಈ ಮೊಣಕೈಯನ್ನು ನೋಡಲು ಅಷ್ಟು ದೊಡ್ಡ ವಿದ್ವಾಂಸರೇ ಬೇಕಾಗಿತ್ತೇ? ಬೇಕಾಗಿರಲಿಲ್ಲ. ನಮ್ಮ ಟೀಚರ್ "ಕಮಾನು ನೇರ ಇರಲಿ" ಎಂದು ಎಷ್ಟೋ ಸಲ ಹೇಳಿದ್ದರು, ಆದರೆ ಐದು ಜನರು ಒಟ್ಟಿಗೆ ನುಡಿಸುವಾಗ ಒಬ್ಬಳ ಬೆನ್ನ ಹಿಂದೆ ಹತ್ತು ನಿಮಿಷ ನಿಲ್ಲಲು ಯಾರಿಗೂ ಆಗುವುದಿಲ್ಲ. ಮನೆಗೆ ಬಂದ ಮೇಲೆ ಅವರಿಗೆ ಇದನ್ನು ತೋರಿಸಿ, ವಾರಕ್ಕೊಮ್ಮೆ ನನಗೊಬ್ಬಳಿಗೇ ಅರ್ಧ ಗಂಟೆ ಕೊಡಲು ಕೇಳಿಕೊಂಡೆ. ಪಾಠಕ್ಕೆ 400 ರೂಪಾಯಿಯಂತೆ ಒಪ್ಪಿದರು. ಆ ದೋಷ ತಿದ್ದಿದ್ದು ಬಹುಪಾಲು ಆ ಅರ್ಧ ಗಂಟೆಗಳಲ್ಲೇ. ಹೆಸರಾಂತರ ಬಳಿ ಹೋದವರು ಮೆಚ್ಚಿ ಹೇಳುವ ಬದಲಾವಣೆಯಲ್ಲಿ ಒಳ್ಳೆಯ ಪಾಲು ಒಬ್ಬರೇ ಕೂತು ಕಲಿತದ್ದರ ಫಲ, ಅದಕ್ಕೂ ಗುರುವಿನ ಖ್ಯಾತಿಗೂ ಸಂಬಂಧವಿಲ್ಲ. 2,000 ರೂಪಾಯಿ ಕೊಡುವ ಮುನ್ನ ಈಗಿರುವ ಟೀಚರ್ ಬಳಿಯೇ ಪ್ರತ್ಯೇಕ ಪಾಠ ಕೇಳಿ ನೋಡುವುದು ಮೇಲು.

ಹಾಗಾದರೆ ಖ್ಯಾತಿಗೆಂದು ಕೊಟ್ಟ ಹಣಕ್ಕೆ ಏನು ಬಂತು? ಮುಖ್ಯವಾಗಿ ಕಿವಿ. ನನ್ನ ನುಡಿಸುವಿಕೆಯಲ್ಲಿ ತಿದ್ದಬೇಕಾದವು ಹತ್ತಾರು ಇದ್ದವು, ಅವುಗಳಲ್ಲಿ ಯಾವುದನ್ನು ಹಿಡಿದರೆ ಉಳಿದವು ತಾವಾಗಿ ಸಡಿಲವಾಗುತ್ತವೆ ಎಂಬುದು ಅವರಿಗೆ ಎರಡು ನಿಮಿಷದಲ್ಲಿ ತಿಳಿಯಿತು. ಸಾವಿರಾರು ಕಚೇರಿಗಳಲ್ಲಿ ಬೇರೆ ಬೇರೆ ಗಾಯಕರ ಪಕ್ಕದಲ್ಲಿ ಕೂತವರಿಗೆ ಬರುವ ವಿವೇಕವದು. ಅವರು ಗಾಂಧಾರ (ಗ) ಸ್ವರದ ವಿಷಯವನ್ನು ಮೂರನೆಯ ಭೇಟಿಯವರೆಗೆ ಎತ್ತಲೇ ಇಲ್ಲ. ಎತ್ತಿದಾಗ, ಭೈರವಿಯ ಗಾಂಧಾರವನ್ನು ನಾನು ಏರುವಾಗಲೂ ಇಳಿಯುವಾಗಲೂ ಒಂದೇ ಅಳತೆಯಲ್ಲಿ ಅಲುಗಿಸುತ್ತಿದ್ದೇನೆ ಎಂಬುದನ್ನು ತಾವೇ ನುಡಿಸಿ ಅಣಕಿಸಿ ತೋರಿಸಿದರು, ನಗು ಬಂತು. ಬಳಿಕ "ರಿ ಗ ಮ" ಎಂದು ಹೋಗುವಾಗಿನ ಗಾಂಧಾರವನ್ನೂ "ಮ ಗ ರಿ" ಎಂದು ಬರುವಾಗಿನದನ್ನೂ ನಿಧಾನವಾಗಿ ನುಡಿಸಿದರು. ಬೆರಳು ಮಧ್ಯಮವನ್ನು ಸೋಕುವ ಕ್ಷಣದಲ್ಲಿ ಅವರ ಕಮಾನಿನ ಒತ್ತಡ ಒಂದಿಷ್ಟು ಸಡಿಲವಾಗುತ್ತಿತ್ತು. ಈ ಸಡಿಲಿಕೆ ಧ್ವನಿಮುದ್ರಣದಲ್ಲಿ ಕೇಳಿ ತಿಳಿಯುವಂಥದ್ದಲ್ಲ. ಮಾರು ದೂರದಲ್ಲಿ ಎದುರು ಕೂತು, ಅವರ ತೋರುಬೆರಳು ಕಮಾನಿನ ಕಡ್ಡಿಯ ಮೇಲೆ ತುಸು ಹಗುರಾಗುವುದನ್ನು ಕಣ್ಣಿನಿಂದ ಕಂಡಾಗಲೇ ನನಗೆ ಹೊಳೆದದ್ದು.

ಇನ್ನೊಂದು ಮನೋಧರ್ಮದ, ಅಂದರೆ ಆ ಕ್ಷಣದಲ್ಲೇ ಕಟ್ಟಿ ನುಡಿಸುವುದರ ಪಾಠ. ಕಲ್ಪನಾಸ್ವರಕ್ಕೆ ನಾನು ಬರೆದು ಬಾಯಿಪಾಠ ಮಾಡಿದ ಮುಕ್ತಾಯಗಳನ್ನು ನುಡಿಸುತ್ತಿದ್ದೆ. ಅವರು ಪುಸ್ತಕ ಮುಚ್ಚಿಸಿ, ತಾವು ಹಾಡಿದ ಒಂದೊಂದು ಆವರ್ತನಕ್ಕೂ ಪಕ್ಕವಾದ್ಯದವರಂತೆ ಉತ್ತರ ಕೊಡಲು ಹೇಳಿದರು. ತಡವರಿಸಿದರೆ ಅದೇ ಆವರ್ತನವನ್ನು ಕೊಂಚ ಸರಳ ಮಾಡಿ ಮತ್ತೆ ಹಾಡುತ್ತಿದ್ದರು, ಸಲೀಸಾಗಿ ಬಂದರೆ ಎಡುಪು (ತಾಳದಲ್ಲಿ ಸಾಲು ಶುರುವಾಗುವ ಜಾಗ) ಬದಲಿಸುತ್ತಿದ್ದರು. ಕಲಿಯುವವರ ಮಟ್ಟಕ್ಕೆ ಒಂದು ಕೂದಲೆಳೆ ಮೇಲೆ ನಿಂತು ಹೀಗೆ ಗಂಟೆಗಟ್ಟಲೆ ಹಾಡಿ ಕೊಡಬಲ್ಲವರು ಬಹಳ ಜನ ಇಲ್ಲ. ಈ ಒಂದು ಕೆಲಸಕ್ಕೆ ಅವರು ಇನ್ನೂ ಹೆಚ್ಚು ಕೇಳಿದ್ದರೂ ಕೊಡುತ್ತಿದ್ದೆ.

ಖ್ಯಾತಿಯಿದ್ದ ಮಾತ್ರಕ್ಕೆ ಈ ಗುಣ ಬರುತ್ತದೆ ಎಂದೇನೂ ಇಲ್ಲ. ಇವರಿಗಿಂತ ಮೊದಲು ಇನ್ನೊಬ್ಬ ಪ್ರಸಿದ್ಧರ ಬಳಿ ಒಂದು ಪಾಠಕ್ಕೆ ಕೂತಿದ್ದೆ. ಗಂಟೆಯುದ್ದಕ್ಕೂ ಅವರೇ ನುಡಿಸಿದರು, ನಾನು ಹಿಂದೆ ಹಿಂದೆ ನುಡಿಸಿದೆ, ಕಿವಿಗೆ ಹಬ್ಬವೇ ಆಯಿತು. ಮನೆಗೆ ಬಂದು ಪಿಟೀಲು ತೆಗೆದರೆ ಹೊಸದಾಗಿ ಮಾಡಬೇಕಾದ್ದು ಏನೂ ಇರಲಿಲ್ಲ. ಅಂಥ ನಾದ ಕೇಳಬೇಕೆಂದಿದ್ದರೆ ಗಾಯನ ಸಮಾಜದಲ್ಲೋ, ರಾಮನವಮಿಯ ದಿನಗಳಲ್ಲಿ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲೋ ಪಿಟೀಲಿನವರ ಬಲಗೈ ಕಾಣುವ ಕಡೆ ಜಾಗ ಹಿಡಿದು ಕೂತರೆ ಬಹಳ ಕಡಿಮೆ ಖರ್ಚಿನಲ್ಲಿ ಮುಗಿಯುತ್ತದೆ. ಆದ್ದರಿಂದ ಮೊದಲು ಒಂದೇ ಪಾಠಕ್ಕೆ ಅವಕಾಶ ಕೇಳಿ, ಅವರು ನಮ್ಮ ಕೈ ನಿಲ್ಲಿಸಿ ತಿದ್ದುತ್ತಾರೋ ಇಲ್ಲವೋ ನೋಡಿಕೊಂಡು ಮುಂದುವರಿಯಬೇಕು.

ಖರ್ಚನ್ನು ಹಿಡಿತದಲ್ಲಿಡಲು ನಾನು ಮಾಡಿಕೊಂಡ ಏರ್ಪಾಟು ಹೀಗಿದೆ. ತಿಂಗಳಿಗೆ ಒಂದೇ ಪಾಠ; ಆರಂಭದಲ್ಲಿ ಎರಡು ಇದ್ದವು, ಆದರೆ ಮೊದಲನೆಯದು ಕೈಗೆ ಇಳಿಯುವ ಮುನ್ನವೇ ಎರಡನೆಯದು ಬರುತ್ತಿತ್ತು. ಪ್ರತಿ ಪಾಠಕ್ಕೂ ಒಂದೇ ಪ್ರಶ್ನೆ ಒಯ್ಯುತ್ತೇನೆ, ಅದನ್ನು ಮೊದಲ ಐದು ನಿಮಿಷದೊಳಗೆ ನುಡಿಸಿ ತೋರಿಸುತ್ತೇನೆ. ಮೊಬೈಲಿನಲ್ಲಿ ಧ್ವನಿ ಮಾತ್ರ ಮುದ್ರಿಸಿಕೊಳ್ಳಲು, ಅದೂ ಸ್ವಂತ ಅಭ್ಯಾಸಕ್ಕೆ ಮಾತ್ರ, ಅನುಮತಿ ಪಡೆದಿದ್ದೇನೆ. ಕೇಳದೆ ಮುದ್ರಿಸುವುದು ಸಲ್ಲದು, ಯೂಟ್ಯೂಬಿಗೆ ಹಾಕುವುದಂತೂ ಇಲ್ಲವೇ ಇಲ್ಲ. ಅದೇ ವಾರ ಟೀಚರ್ ಮನೆಯಲ್ಲಿ ಆ ಮುದ್ರಣವನ್ನು ಇಬ್ಬರೂ ಕೇಳುತ್ತೇವೆ, ಮುಂದಿನ ಮೂರು ವಾರ ಅವರು ಅದನ್ನೇ ಹಿಡಿದು ಸಾಧಕ ಮಾಡಿಸುತ್ತಾರೆ. ಒಂದೇ ಕೃತಿಯನ್ನು ಇಬ್ಬರು ಬೇರೆ ಬೇರೆ ರೀತಿಯಲ್ಲಿ ಹೇಳಿಕೊಡುವ ಪಾಠಾಂತರದ ತಿಕ್ಕಾಟ ಬರಬಹುದೆಂಬ ಅಂಜಿಕೆಯಿತ್ತು. ವಿದ್ವಾಂಸರು, "ನಿಮ್ಮ ಟೀಚರ್ ಪಾಠ ಚೆನ್ನಾಗೇ ಇದೆ, ಅದನ್ನ ಮುಟ್ಟೋದು ಬೇಡ" ಎಂದದ್ದನ್ನು ಟೀಚರ್‌ಗೆ ಹೇಳಿದಾಗ ಅವರಿಗೂ ಸಮಾಧಾನವಾಯಿತು.

ಶುಲ್ಕವನ್ನು ತಿಂಗಳ ಲೆಕ್ಕದಲ್ಲಿ ಕೊಡದೆ ಪಾಠದ ಲೆಕ್ಕದಲ್ಲೇ ಕೊಡಬೇಕು. ಇವರ ಬಿಡುವು ಕಚೇರಿಗಳ ಕಾಲವನ್ನು ನೋಡಿಕೊಂಡು ನಡೆಯುತ್ತದೆ: ಡಿಸೆಂಬರ್‌ನಲ್ಲಿ ಚೆನ್ನೈ ಸಂಗೀತ ಸೀಸನ್, ಯುಗಾದಿಯ ನಂತರ ಇಲ್ಲಿಯ ರಾಮನವಮಿ ಉತ್ಸವಗಳು, ಅದು ಮುಗಿಯುತ್ತಿದ್ದಂತೆ ಅಮೆರಿಕ ಪ್ರವಾಸ. ಪ್ರವಾಸದಲ್ಲಿದ್ದಾಗ ಆನ್‌ಲೈನ್ ಪಾಠಕ್ಕೂ ಒಪ್ಪುತ್ತಾರೆ, ಆದರೆ ಧ್ವನಿ ತಡವಾಗಿ ತಲುಪುವುದರಿಂದ ಒಟ್ಟಿಗೆ ನುಡಿಸುವುದು ಸಾಧ್ಯವೇ ಇಲ್ಲ, ಹಾಡಿ ಉತ್ತರ ಕೊಡಿಸುವ ಆ ಅಮೂಲ್ಯ ಪಾಠದಲ್ಲಿ ತಾಳ ಕುಂಟುತ್ತದೆ. ಜೊತೆಗೆ ಜೂಮ್ ತನ್ನಷ್ಟಕ್ಕೆ ತಂಬೂರಿ ಶ್ರುತಿಯನ್ನೂ ದೀರ್ಘ ಸ್ವರವನ್ನೂ ಗದ್ದಲವೆಂದು ಭಾವಿಸಿ ಅಳಿಸಿಹಾಕುತ್ತದೆ. ಅದರಲ್ಲಿರುವ "ಒರಿಜಿನಲ್ ಸೌಂಡ್" ಆಯ್ಕೆಯನ್ನು ಹಾಕಿಕೊಂಡರೆ ಸ್ವಲ್ಪ ಪರವಾಗಿಲ್ಲ. ನ್ಯೂಜೆರ್ಸಿಯಲ್ಲಿರುವ ನನ್ನ ಅಕ್ಕನ ಮಗಳು ಬೆಂಗಳೂರಿನ ಗುರುಗಳಿಂದ ಹೀಗೆಯೇ ಕಲಿಯುತ್ತಾಳೆ, ಅವಳಿಗೆ ಬೇರೆ ದಾರಿಯಿಲ್ಲ. ನನಗೆ ದಾರಿಯಿರುವುದರಿಂದ ಅವರು ಊರಿಗೆ ಬರುವವರೆಗೆ ಕಾಯುತ್ತೇನೆ, ಪೂರ್ತಿ ಶುಲ್ಕ ಕೊಟ್ಟು ಅರ್ಧ ಪಾಠ ಪಡೆಯುವುದಿಲ್ಲ.

ಮಕ್ಕಳನ್ನು ಆರಂಭದಿಂದಲೇ ದೊಡ್ಡವರ ಬಳಿ ಸೇರಿಸಬೇಕೆನ್ನುವ ತಂದೆತಾಯಿಗೆ ನಾನು ಬೇಡವೆನ್ನುತ್ತೇನೆ. ಸರಳೆ ವರಸೆ ಕೂಡಿಸಲು ಬೇಕಾದದ್ದು ವಾರಕ್ಕೆರಡು ಸಲ ತಾಳ್ಮೆಯಿಂದ ಪಕ್ಕದಲ್ಲಿ ಕೂರುವವರು. ಆ ತಾಳ್ಮೆ ಬಡಾವಣೆಯ ಟೀಚರುಗಳಲ್ಲಿ ಹೆಚ್ಚು. "ಇಂಥವರ ಶಿಷ್ಯೆ" ಎಂದು ಆಹ್ವಾನಪತ್ರಿಕೆಯಲ್ಲಿ ಹಾಕಿಸಲು ಹಣ ಕೊಡುವವರೂ ಇದ್ದಾರೆ. ಹಾಗೆ ಹಾಕಿಸಿಕೊಂಡವರನ್ನು ಸಭೆಯಲ್ಲಿ ಕೂತ ರಸಿಕರು ಮೊದಲ ವರ್ಣ ಮುಗಿಯುವುದರೊಳಗೆ ಅಳೆದಿರುತ್ತಾರೆ, ಆ ವೆಚ್ಚ ನನಗೆ ಅರ್ಥವಾಗಿಲ್ಲ.

ಈಚೆಗೆ ತಿಂಗಳಿಗೊಂದು ಎಂಬ ಕ್ರಮವನ್ನೂ ಬಿಟ್ಟಿದ್ದೇನೆ, ತೋರಿಸುವಂಥದ್ದು ಏನಾದರೂ ಸಿದ್ಧವಾದಾಗ ಮಾತ್ರ ಅವರನ್ನು ಕೇಳುತ್ತೇನೆ. ಈಗ ಕೈಯಲ್ಲಿರುವುದು ತೋಡಿ ರಾಗದ ಆಲಾಪನೆ. ಅದು ಅದೇ ಸಂಚಾರಕ್ಕೆ ಮತ್ತೆ ಮತ್ತೆ ಮರಳದೆ ಹತ್ತು ನಿಮಿಷ ಸಾಗುವವರೆಗೆ ಫೋನ್ ಮಾಡುವುದಿಲ್ಲವೆಂದು ಟೀಚರ್‌ಗೆ ಹೇಳಿದ್ದೇನೆ. ದೀಪಾವಳಿಯ ಹೊತ್ತಿಗೆ ಆಗಬಹುದೆಂದು ಅವರ ಅಂದಾಜು.